ಅರವೋ ಕುಲುಮೆಯೋ? ಮನೆಯಲ್ಲಿ ಮೊದಲ ಚಾಕು ಮಾಡುವವರಿಗೆ

ಚಾಕು ಮಾಡುವ ಆಸೆ ಹುಟ್ಟಿದ ಕೂಡಲೇ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಕೆಂಪಗೆ ಕಾದ ಕಬ್ಬಿಣ, ಸುತ್ತಿಗೆ ಏಟು, ಹಾರುವ ಕಿಡಿ. ನಾನೂ ಹಾಗೇ ಶುರು ಮಾಡಿದೆ. ಒಂದು ಚಾಕುವನ್ನೂ ಮಾಡುವ ಮೊದಲೇ ಅಡಿಗಲ್ಲು, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ, ಹುಡುಕುತ್ತಾ ಎರಡು ತಿಂಗಳು ಗುಜರಿ ಅಂಗಡಿಗಳನ್ನು ಸುತ್ತಿದೆ. ಆಮೇಲೆ ಗೊತ್ತಾಯಿತು, ಮೊದಲ ಚಾಕುವಿಗೆ ಅಡಿಗಲ್ಲು ಬೇಕಿರಲೇ ಇಲ್ಲ.

ಮನೆಯಲ್ಲಿ ಚಾಕು ಮಾಡಲು ನಾಲ್ಕು ದಾರಿಗಳಿವೆ. ಸಿದ್ಧವಾದ ಅಲಗಿಗೆ ಹಿಡಿ ಮಾತ್ರ ಹಾಕುವುದು ಒಂದು. ಮೊದಲೇ ಗಟ್ಟಿಯಾಗಿರುವ ಗರಗಸದ ಬ್ಲೇಡನ್ನು ಉಜ್ಜಿ ಚಾಕು ಮಾಡುವುದು ಇನ್ನೊಂದು. ಮೆದು ಉಕ್ಕಿನ ಪಟ್ಟಿಗೆ ಅರದಲ್ಲಿ ಆಕಾರ ಕೊಟ್ಟು, ಆಮೇಲೆ ಹದ ಹಾಕುವುದು ಮೂರನೆಯದು. ಕಾಯಿಸಿ ಬಡಿದು ಮಾಡುವುದು ನಾಲ್ಕನೆಯದು. ಮೊದಲ ಸಲ ಮಾಡುವವರಿಗೆ ಮೂರನೆಯದೇ ಸರಿ ಅನ್ನುವುದು ನನ್ನ ಮಾತು. ಆದರೆ ನೀವು ಎಲ್ಲಿ ಇದ್ದೀರಿ, ಹಿತ್ತಿಲು ಇದೆಯಾ, ಪಕ್ಕದ ಮನೆ ಎಷ್ಟು ಹತ್ತಿರ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಮೊದಲು ಹದದ ಮಾತು

ಯಾವ ದಾರಿ ಹಿಡಿದರೂ ಚಾಕು ಚಾಕುವಾಗುವುದು ಹದದಲ್ಲಿ. ಕಬ್ಬಿಣದಲ್ಲಿ ಸಾಕಷ್ಟು ಇಂಗಾಲ ಇರಬೇಕು. ಅದನ್ನು ಸರಿಯಾದ ಬಿಸಿಗೆ ತಂದು ಥಟ್ಟನೆ ತಣಿಸಬೇಕು. ಆಗ ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಮತ್ತೆ ಸ್ವಲ್ಪ ಬಿಸಿ ಕೊಟ್ಟು ಆ ಪೆಡಸುತನ ಇಳಿಸಬೇಕು. ಇದನ್ನೇ ಟೆಂಪರಿಂಗ್ ಅನ್ನುತ್ತಾರೆ. ಈ ಎರಡು ಹೆಜ್ಜೆ ತಪ್ಪಿದರೆ ಎಷ್ಟೇ ಚೆಂದವಾಗಿ ಬಡಿದ ಅಲಗಾದರೂ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಎರಡೂ ಸರಿಯಾದರೆ, ಬರೀ ಅರದಲ್ಲಿ ಉಜ್ಜಿದ ಚಾಕು ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿಯುತ್ತದೆ.

ಬಡಿದರೆ ಉಕ್ಕು ಗಟ್ಟಿಯಾಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಇವತ್ತು ಕಾರ್ಖಾನೆಯಿಂದ ಬರುವ ಪಟ್ಟಿ ಆಗಲೇ ಒಂದೇ ಸಮನಾಗಿರುತ್ತದೆ. ಅದನ್ನು ಬಡಿಯುವುದರಿಂದ ಬರುವುದು ಆಕಾರ, ಗಟ್ಟಿತನ ಅಲ್ಲ. ಬಡಿಯುವಾಗ ಬಿಸಿ ಜಾಸ್ತಿಯಾದರೆ ಉಕ್ಕಿನ ಕಣ ದಪ್ಪವಾಗಿ ಅಲಗು ದುರ್ಬಲವೂ ಆಗಬಹುದು.

ಹಿಡಿ ಮಾತ್ರ ಹಾಕುವುದು

ಬಾಡಿಗೆ ಮನೆ, ಮೂರನೇ ಮಹಡಿ, ಪುಟ್ಟ ಬಾಲ್ಕನಿ. ಇಷ್ಟೇ ಇದ್ದರೆ ಇಲ್ಲಿಂದ ಶುರು ಮಾಡಿ. ಹದ ಹಾಕಿ ಮುಗಿಸಿದ ಅಲಗು ಆನ್‌ಲೈನ್‌ನಲ್ಲಿ ಸಿಗುತ್ತದೆ. ಮನೆಯಲ್ಲೇ ಹಿಡಿ ಮುರಿದು ಮೂಲೆ ಸೇರಿದ ಹಳೆಯ ಚಾಕು ಇದ್ದರೆ ಇನ್ನೂ ಒಳ್ಳೆಯದು. ಒಂದು ಸಿ-ಕ್ಲಾಂಪು, ಒಂದು ಮರದ ಅರ, ಮರಳು ಕಾಗದ, ಅಂಟು, ಹಿತ್ತಾಳೆ ಕಡ್ಡಿ ಇದ್ದರೆ ಸಾಕು. ಕೈಗೆ ಹಿಡಿ ಹೇಗೆ ಕೂರಬೇಕು ಅನ್ನುವುದನ್ನು ಇದರಷ್ಟು ಚೆನ್ನಾಗಿ ಬೇರೆ ಯಾವ ಕೆಲಸವೂ ಕಲಿಸುವುದಿಲ್ಲ. ಆದರೆ ಉಕ್ಕಿನ ಪರಿಚಯ ಮಾತ್ರ ಆಗುವುದಿಲ್ಲ.

ಗರಗಸದ ಬ್ಲೇಡು

ವರ್ಕ್‌ಶಾಪುಗಳಲ್ಲಿ ಕಬ್ಬಿಣ ಕೊಯ್ಯುವ ಪವರ್ ಹ್ಯಾಕ್ಸಾ ಯಂತ್ರ ಇರುತ್ತದೆ. ಅದರ ಹಲ್ಲು ಸವೆದ ಅಗಲ ಬ್ಲೇಡಿನಿಂದ ಮಾಡಿದ ಚಾಕುಗಳನ್ನು ನಮ್ಮ ಊರುಗಳಲ್ಲಿ ನೀವೂ ನೋಡಿರುತ್ತೀರಿ. ಪೂರ್ತಿ ಹೈಸ್ಪೀಡ್ ಸ್ಟೀಲಿನ ಬ್ಲೇಡು ಸಿಕ್ಕರೆ ಹದದ ಚಿಂತೆಯೇ ಇಲ್ಲ. ಅದು ಹುಟ್ಟಾ ಗಟ್ಟಿ. ಉಜ್ಜುವಾಗ ಸ್ವಲ್ಪ ಕಾದರೂ ಹದ ಹೋಗುವುದಿಲ್ಲ.

ತೊಂದರೆ ಬೇರೆ ಕಡೆ ಇದೆ. ಅರ ಅದರ ಮೇಲೆ ಹಿಡಿಯುವುದೇ ಇಲ್ಲ. ಗ್ರೈಂಡರೇ ಬೇಕು. ಸಾಮಾನ್ಯ ಡ್ರಿಲ್ ಬಿಟ್ಟಿನಲ್ಲಿ ತೂತು ಬೀಳುವುದಿಲ್ಲ. ಹಾಗಾಗಿ ಬ್ಲೇಡಿನ ತುದಿಯಲ್ಲಿ ಮೊದಲೇ ಇರುವ ತೂತನ್ನೇ ಹಿಡಿಗೆ ಬಳಸಿಕೊಳ್ಳಬೇಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಮೊನೆ ಮುರಿಯಬಹುದು. ಇನ್ನೊಂದು ವಿಷಯ: ಈಗ ಬರುವ ಬೈಮೆಟಲ್ ಬ್ಲೇಡುಗಳಲ್ಲಿ ಹಲ್ಲಿನ ಅಂಚು ಮಾತ್ರ ಹೈಸ್ಪೀಡ್ ಸ್ಟೀಲು. ಹಲ್ಲನ್ನು ಉಜ್ಜಿ ತೆಗೆದರೆ ಗಟ್ಟಿ ಭಾಗವೇ ಹೋದಂತೆ. ಕೊಳ್ಳುವ ಮೊದಲು ಬ್ಲೇಡಿನ ಬೆನ್ನಿನ ಮೇಲೆ ಅರ ಆಡಿಸಿ ನೋಡಿ. ಅರ ಜಾರಿದರೆ ಅದು ಪೂರ್ತಿ ಗಟ್ಟಿ ಬ್ಲೇಡು. ಕಚ್ಚಿದರೆ ಬೈಮೆಟಲ್.

ಬೇಗ ಒಂದು ಚಾಕು ಬೇಕು, ಗ್ರೈಂಡರ್ ಆಗಲೇ ಇದೆ ಅನ್ನುವವರಿಗೆ ಇದು ಒಳ್ಳೆಯ ದಾರಿ.

ಅರದಲ್ಲಿ ಉಜ್ಜಿ ಮಾಡುವುದು

ನನಗೆ ತುಂಬಾ ಇಷ್ಟವಾದ ದಾರಿ ಇದು. ಬೇಕಾಗುವುದು ಗಟ್ಟಿಯಾದ ಮೇಜು, ಒಂದು ವೈಸು, 12 ಇಂಚಿನ ಒರಟು ಅರ, 8 ಅಥವಾ 10 ಇಂಚಿನ ನಯ ಅರ, ಹ್ಯಾಕ್ಸಾ, ಡ್ರಿಲ್ಲು, ಮತ್ತೆ 120ರಿಂದ 600ರವರೆಗಿನ ಮರಳು ಕಾಗದ. ಸದ್ದು ಇದೆ, ಆದರೆ ಪಕ್ಕದ ಮನೆಯವರು ಬಾಗಿಲು ತಟ್ಟುವಷ್ಟಲ್ಲ. ಕಿಡಿ ಇಲ್ಲ. ಹೊಗೆ ಇಲ್ಲ. ರಾತ್ರಿ ಊಟ ಮುಗಿಸಿ ಒಂದು ಗಂಟೆ ಕೂತು ಎದ್ದರೂ ಕೆಲಸ ಮುಂದೆ ಹೋಗಿರುತ್ತದೆ.

ಎರಡೂವರೆ ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ನಾಲ್ಕೈದು ಇಂಚಿನ ಅಲಗು ಮಾಡಿ. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ. ಆ ರಟ್ಟಿನ ಚಾಕುವನ್ನೇ ಹಿಡಿದು ತರಕಾರಿ ಹಲಗೆಯ ಮೇಲೆ ಹೆಚ್ಚಿದ ಹಾಗೆ ಆಡಿಸಿ. ಬೆರಳಿನ ಗೆಣ್ಣು ಹಲಗೆಗೆ ತಾಗುತ್ತಿದ್ದರೆ ಅಲಗಿನ ಅಗಲ ಸಾಲದು. ರಟ್ಟಿನಲ್ಲಿ ತಪ್ಪು ತಿದ್ದುವುದು ಸುಲಭ. ಉಕ್ಕಿನಲ್ಲಿ ತೆಗೆದದ್ದನ್ನು ಮತ್ತೆ ಸೇರಿಸುವ ಹಾಗಿಲ್ಲ.

ಬಾಯಿಯ, ಅಂದರೆ ಕೊಯ್ಯುವ ಕಡೆಯ, ಅಂಚಿಗೆ ಬಣ್ಣ ಬಳಿದು, ನಟ್ಟ ನಡುವೆ ಒಂದು ಗೆರೆ ಗೀರಿಕೊಳ್ಳಿ. ಎರಡೂ ಕಡೆಯಿಂದ ಆ ಗೆರೆಯವರೆಗೆ ಉಜ್ಜುತ್ತಾ ಬನ್ನಿ. ಅರವನ್ನು ಮುಂದೆ ತಳ್ಳುವಾಗ ಮಾತ್ರ ಒತ್ತಿ, ಹಿಂದೆ ಎಳೆಯುವಾಗ ಎತ್ತಿ. ಹಿಂದೆ ಮುಂದೆ ಎರಡೂ ಕಡೆ ಉಜ್ಜಿದರೆ ಅರದ ಹಲ್ಲು ಬೇಗ ಸಾಯುತ್ತದೆ. ಅಂಚನ್ನು ಈಗಲೇ ಹರಿತ ಮಾಡಬೇಡಿ. ಸುಮಾರು ಒಂದು ಮಿಲಿಮೀಟರ್ ದಪ್ಪ ಉಳಿಯಲಿ. ತೆಳು ಅಂಚು ಹದ ಹಾಕುವಾಗ ಸೊಟ್ಟಗಾಗುತ್ತದೆ, ಸೀಳುತ್ತದೆ. ಹಿಡಿಯ ತೂತುಗಳನ್ನೂ ಈಗಲೇ ಕೊರೆಯಬೇಕು. ಗಟ್ಟಿಯಾದ ಮೇಲೆ ಡ್ರಿಲ್ಲು ಇಳಿಯುವುದಿಲ್ಲ.

ನನ್ನ ಮೊದಲ ಅಲಗಿಗೆ ಹತ್ತು ಗಂಟೆಯ ಅರದ ಕೆಲಸ ಹಿಡಿಯಿತು. ಬೆಲ್ಟ್ ಗ್ರೈಂಡರಿನಲ್ಲಿ ಇದೇ ಕೆಲಸ ಒಂದು ಗಂಟೆಯದು. ಹಾಗಾದರೆ ಗ್ರೈಂಡರನ್ನೇ ಯಾಕೆ ಕೊಳ್ಳಬಾರದು? ಗ್ರೈಂಡರ್ ಕೆಲಸವನ್ನು ಎಷ್ಟು ಬೇಗ ಮಾಡುತ್ತದೋ ತಪ್ಪನ್ನೂ ಅಷ್ಟೇ ಬೇಗ ಮಾಡುತ್ತದೆ. ಇಡೀ ಹವ್ಯಾಸದಲ್ಲಿ ಜಾಸ್ತಿ ದುಡ್ಡು ಕೇಳುವುದೂ ಅದೇ. ಮೂರು ನಾಲ್ಕು ಚಾಕು ಆಗುವವರೆಗೆ ಅದನ್ನು ಮುಂದಕ್ಕೆ ಹಾಕಿ. ಆಂಗಲ್ ಗ್ರೈಂಡರ್ ಪಟ್ಟಿ ಕತ್ತರಿಸಲು ಉಪಯೋಗಕ್ಕೆ ಬರುತ್ತದೆ, ಬಾಯಿ ತೆಗೆಯಲು ಅಲ್ಲ. ಬಳಸುವುದಾದರೆ ಅದರ ಗಾರ್ಡನ್ನು ಯಾವತ್ತೂ ಬಿಚ್ಚಬೇಡಿ. ಕಣ್ಣಿಗೆ ಕನ್ನಡಕ, ಮೂಗಿಗೆ ದೂಳಿನ ಮಾಸ್ಕು ಇರಲಿ. ಲುಂಗಿ, ಪಂಚೆ, ಜೋತಾಡುವ ದುಪಟ್ಟಾ ಹಾಕಿಕೊಂಡು ತಿರುಗುವ ಯಂತ್ರದ ಹತ್ತಿರ ಹೋಗುವುದು ಬೇಡವೇ ಬೇಡ.

ಕುಲುಮೆಯಲ್ಲಿ ಬಡಿದು ಮಾಡುವುದು

ಹಳ್ಳಿ ಮನೆ, ದೊಡ್ಡ ಹಿತ್ತಿಲು, ಹತ್ತಿರದಲ್ಲಿ ಹುಲ್ಲಿನ ಬಣವೆ ಇಲ್ಲ. ಹೀಗಿದ್ದರೆ ಕುಲುಮೆ ಕಟ್ಟಬಹುದು. ಮಣ್ಣು ಮೆತ್ತಿದ ಒಂದು ತೊಟ್ಟಿ, ಬದಿಯಿಂದ ಒಂದು ಕಬ್ಬಿಣದ ಪೈಪು, ಗಾಳಿ ಊದಲು ಚಿಕ್ಕ ಬ್ಲೋವರ್, ಚೀಲದಷ್ಟು ಇದ್ದಿಲು. ಪೈಪಿಗೆ ಸತುವಿನ ಲೇಪ ಇರಬಾರದು. ಜಿ.ಐ. ಪೈಪು ಬೆಂಕಿಗೆ ಬಿದ್ದರೆ ಅದರ ಹೊಗೆ ಜ್ವರ ತರಿಸುತ್ತದೆ. ಇದ್ದಿಲನ್ನು ಮುಚ್ಚಿದ ಕೋಣೆಯಲ್ಲಿ ಉರಿಸುವುದು ಜೀವಕ್ಕೇ ಅಪಾಯ. ಅಡುಗೆ ಸಿಲಿಂಡರಿಗೆ ಬರ್ನರ್ ಜೋಡಿಸುವ ಸಾಹಸಕ್ಕೂ ಹೋಗಬೇಡಿ.

ಅಡಿಗಲ್ಲಿನ ಬದಲು ರೈಲು ಕಂಬಿಯ ತುಂಡೋ ದಪ್ಪ ಕಬ್ಬಿಣದ ದಿಮ್ಮಿಯೋ ಸಾಕು. ಆದರೆ ಅದನ್ನು ಗುಜರಿಯವರಿಂದ ಬಿಲ್ಲು ಹಾಕಿಸಿ ತನ್ನಿ. ರೈಲ್ವೆಯ ಸಾಮಾನು ಬಿಲ್ಲಿಲ್ಲದೆ ಮನೆಯಲ್ಲಿ ಇರುವುದು ಒಳ್ಳೆಯದಲ್ಲ.

ಬಡಿಯುವುದರಲ್ಲಿ ಸಿಗುವ ಖುಷಿ ಅರದಲ್ಲಿ ಸಿಗುವುದಿಲ್ಲ, ಇದನ್ನು ಒಪ್ಪುತ್ತೇನೆ. ದಪ್ಪ ಕಮ್ಮಿ ಮಾಡಬಹುದು, ಅಗಲ ಮಾಡಬಹುದು, ಬಾಗಿಸಬಹುದು. ಉಕ್ಕು ವ್ಯರ್ಥವಾಗುವುದು ಕಮ್ಮಿ. ಕುಡುಗೋಲು, ಮಚ್ಚು, ಈಳಿಗೆಮಣೆಯ ಅಲಗು ಇಂಥವಕ್ಕೆ ಕುಲುಮೆಯೇ ಸರಿ. ಬಾಗಿದ ಅಲಗನ್ನು ಪಟ್ಟಿಯಿಂದ ಕತ್ತರಿಸಲು ಹೋದರೆ ಅರ್ಧ ಉಕ್ಕು ನೆಲದ ಪಾಲು. ಆದರೆ ತೆಳುವಾದ ತರಕಾರಿ ಚಾಕುವನ್ನು ಮೊದಲ ಸಲವೇ ಬಡಿದು ಮಾಡುವುದು ಕಷ್ಟ. ತೆಳು ಉಕ್ಕು ಗಾಳಿಗೆ ಹಿಡಿದ ಕ್ಷಣಕ್ಕೇ ತಣ್ಣಗಾಗುತ್ತದೆ. ತಣ್ಣಗಾದ ಮೇಲೂ ಬಡಿದರೆ ಸೀಳುತ್ತದೆ. ಸುತ್ತಿಗೆಯ ಗುರುತು ತೆಗೆಯಲು ಕೊನೆಗೆ ಅರವನ್ನೇ ಹಿಡಿಯಬೇಕು. ಅಂದರೆ ಅರ ಕಲಿಯದೆ ಕುಲುಮೆಯ ಚಾಕುವೂ ಮುಗಿಯುವುದಿಲ್ಲ.

ನಿಮ್ಮ ಊರಲ್ಲೋ ಸಂತೆಯಲ್ಲೋ ಕಮ್ಮಾರರು ಇನ್ನೂ ಕೆಲಸ ಮಾಡುತ್ತಿದ್ದರೆ, ಕುಲುಮೆ ಕಟ್ಟುವ ಮೊದಲು ನಾಲ್ಕು ದಿನ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಕೂಲಿ ಕೊಟ್ಟು ಒಂದು ಕತ್ತಿ ಮಾಡಿಸಿ, ಕಣ್ಣು ಕೀಳದೆ ನೋಡಿ. ಬಾಯಿ ಮಾತ್ರ ನೀರಿಗೆ ಅದ್ದಿ ಥಟ್ಟನೆ ಎತ್ತುತ್ತಾರೆ. ಕಪ್ಪು ಕೆರೆದು ಬೆಳ್ಳಗೆ ಮಾಡುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯ ಕಡೆಗೆ ಹರಿಯುವಾಗ ಬಣ್ಣ ಓಡುತ್ತದೆ. ಮೊದಲು ತಿಳಿ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಬೇಕಾದ ಬಣ್ಣ ಬಾಯಿಗೆ ಬಂದ ಗಳಿಗೆಯಲ್ಲೇ ಪೂರ್ತಿ ಮುಳುಗಿಸುತ್ತಾರೆ. ಗಟ್ಟಿ ಮಾಡುವುದು, ಟೆಂಪರ್ ಮಾಡುವುದು ಎರಡೂ ಒಂದೇ ಕಾವಿನಲ್ಲಿ ಮುಗಿಯಿತು! ಅವರ ಹತ್ತಿರ ಯಾವ ಥರ್ಮಾಮೀಟರೂ ಇರುವುದಿಲ್ಲ. ನನಗೆ ಇದನ್ನು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಯಾವ ಉಕ್ಕು

ಇಲ್ಲಿ ಎಡವುವವರೇ ಜಾಸ್ತಿ. ಮನೆ ಕಟ್ಟಿ ಉಳಿದ ಟಿ.ಎಂ.ಟಿ. ಕಂಬಿ, ಕಿಟಕಿಯ ಪಟ್ಟಿ, ಕಬ್ಬಿಣದ ಆಂಗಲ್, ಇವ್ಯಾವುವೂ ಚಾಕುವಿಗೆ ಬರುವುದಿಲ್ಲ. ಇಂಗಾಲ ಸಾಲದು. ಅಡುಗೆ ಪಾತ್ರೆಯ ಸ್ಟೇನ್‌ಲೆಸ್ ಸ್ಟೀಲೂ ಗಟ್ಟಿಯಾಗುವ ಜಾತಿಯಲ್ಲ. ಚಾಕುವಿನ ಸ್ಟೇನ್‌ಲೆಸ್ ಬೇರೆ. ಅದಕ್ಕೆ ಸಾವಿರ ಡಿಗ್ರಿ ದಾಟಿದ ಬಿಸಿಯನ್ನು ಅಳತೆ ತಪ್ಪದೆ ಹಿಡಿದಿಡಬೇಕು. ಮನೆಯಲ್ಲಿ ಅದು ಆಗದ ಮಾತು.

ಉಳಿಯುವುದು ಎರಡು: ಗುಜರಿಯ ಉಕ್ಕು, ಹೊಸ ಉಕ್ಕು.

ಗುಜರಿಯಲ್ಲಿ ಎಲ್ಲರಿಗೂ ಪ್ರಿಯವಾದದ್ದು ಲಾರಿಯ ಸ್ಪ್ರಿಂಗ್ ಪಟ್ಟಿ. ನಮ್ಮ ಕಡೆಯ ಮಚ್ಚು, ಕತ್ತಿಗಳಲ್ಲಿ ಎಷ್ಟೋ ಹುಟ್ಟುವುದು ಅದರಿಂದಲೇ. ಇಂಗಾಲ ಸುಮಾರು 0.5ರಿಂದ 0.6 ಶೇಕಡಾ. ಏಟು ತಡೆಯುವ ಕೆಲಸಕ್ಕೆ ಅದಕ್ಕಿಂತ ಬೇರೆ ಬೇಡ. ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದು ಗೊತ್ತಾಗುವುದು ಎಲ್ಲ ಕೆಲಸ ಮುಗಿದು ಹದ ಹಾಕುವಾಗಲೇ. ಪಟ್ಟಿಯೂ ದಪ್ಪ. ಅದನ್ನು ಅರದಲ್ಲಿ ತರಕಾರಿ ಚಾಕುವಿನ ದಪ್ಪಕ್ಕೆ ಇಳಿಸುವುದು ತೋಳಿಗೆ ದೊಡ್ಡ ಶಿಕ್ಷೆ. ಹಳೆಯ ಅರದಲ್ಲಿ ಇಂಗಾಲ ಶೇಕಡಾ ಒಂದಕ್ಕಿಂತ ಜಾಸ್ತಿ ಇರುತ್ತದೆ, ಒಳ್ಳೆಯ ಬಾಯಿ ನಿಲ್ಲುತ್ತದೆ. ಮೊದಲು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ಒಂದು ರಾತ್ರಿ ಬಿಟ್ಟು ಮೆದು ಮಾಡಿಕೊಳ್ಳಬೇಕು. ಅಗ್ಗದ ಅರಗಳಲ್ಲಿ ಕೆಲವು ಮೇಲೆ ಮಾತ್ರ ಗಟ್ಟಿ, ಒಳಗೆ ಮೆದು. ಬೇರಿಂಗಿನ ಉಕ್ಕು ಇ.ಎನ್.31. ಅದರಲ್ಲೂ ಇಂಗಾಲ ಶೇಕಡಾ ಒಂದರಷ್ಟಿದೆ. ಆದರೆ ಗುಂಡಗಿರುವ ಬೇರಿಂಗನ್ನು ಪಟ್ಟಿ ಮಾಡಲು ಕುಲುಮೆ ಬೇಕೇ ಬೇಕು.

ಗುಜರಿಯಲ್ಲಿ ಏನೆಂದು ಗೊತ್ತಿಲ್ಲದ ತುಂಡು ಸಿಕ್ಕರೆ ಗ್ರೈಂಡರಿಗೆ ಸ್ವಲ್ಪ ತಾಗಿಸಿ ಕಿಡಿ ನೋಡಿ. ಇಂಗಾಲ ಕಮ್ಮಿ ಇದ್ದರೆ ಕಿಡಿ ಉದ್ದಕ್ಕೆ ಗೆರೆಯಂತೆ ಹೋಗುತ್ತದೆ. ಜಾಸ್ತಿ ಇದ್ದರೆ ಸುರುಸುರು ಬತ್ತಿಯಂತೆ ಚಿಗುರೊಡೆದು ಸಿಡಿಯುತ್ತದೆ.

ಇಷ್ಟೆಲ್ಲ ಹೇಳಿಯೂ ಮೊದಲ ಚಾಕುವಿಗೆ ನನ್ನ ಆಯ್ಕೆ ಹೊಸ ಉಕ್ಕು. 1084 ಅನ್ನುವ ಜಾತಿ ಆನ್‌ಲೈನ್‌ನಲ್ಲಿ ಪಟ್ಟಿಯಾಗಿ ಸಿಕ್ಕರೆ ಅದೇ ಇರಲಿ. ಇಂಗಾಲ 0.8ರಿಂದ 0.9 ಶೇಕಡಾ. ಸರಿಯಾದ ಬಿಸಿ ಬಂದ ಕೂಡಲೇ ಎಣ್ಣೆಗೆ ಇಳಿಸಬಹುದು, ಹೊತ್ತು ಹಿಡಿದಿಡಬೇಕಾಗಿಲ್ಲ. ಇದ್ದಿಲಿನ ಕುಲುಮೆಗೆ ಇದಕ್ಕಿಂತ ಹೊಂದುವ ಉಕ್ಕು ಕಮ್ಮಿ. ಟೂಲ್‌ರೂಮುಗಳಲ್ಲಿ ಬಳಸುವ, ಎಣ್ಣೆಯಲ್ಲಿ ಗಟ್ಟಿಯಾಗುವ ಓ.ಎಚ್.ಎನ್.ಎಸ್. ಉಕ್ಕಿನ ಪಟ್ಟಿಯೂ ಒಳ್ಳೆಯದು. ಆದರೆ ಅದನ್ನು ಸರಿಯಾದ ಬಿಸಿಯಲ್ಲಿ ಹತ್ತಿಪ್ಪತ್ತು ನಿಮಿಷ ಹಿಡಿಯಬೇಕು. ಹಾಗಾಗಿ ಹದವನ್ನು ಹೊರಗೆ ಹಾಕಿಸುವವರಿಗೆ ಅದು ಸರಿ. ಬೆಂಗಳೂರಿನವರಿಗೆ ಅರ, ವೈಸು, ಡ್ರಿಲ್ಲು ಎಲ್ಲ ಎಸ್.ಜೆ.ಪಿ. ರಸ್ತೆಯಲ್ಲೇ ಒಂದು ಸುತ್ತಿನಲ್ಲಿ ಸಿಗುತ್ತವೆ.

ಅಲೆಅಲೆ ಗೆರೆಯ ಡಮಾಸ್ಕಸ್ ಪಟ್ಟಿ ನೋಡಿ ಮನಸ್ಸು ಜಾರುತ್ತದೆ. ಈಗ ಆ ಹೆಸರಲ್ಲಿ ಮಾರುವುದು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು. ಹಳೆಯ ಕಾಲದಲ್ಲಿ ನಮ್ಮ ಕಡೆ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕೇ ಬೇರೆ. ಇಂಗ್ಲಿಷರು ಅದನ್ನು ವೂಟ್ಜ್ ಅಂದರು. ಆ ಪದ ನಮ್ಮ ‘ಉಕ್ಕು’ವಿನಿಂದಲೇ ಬಂದದ್ದು ಅಂತ ತಿಳಿದವರು ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುತ್ತಿದ್ದ ರೀತಿಯನ್ನು ಬರೆದಿಟ್ಟಿದ್ದಾನೆ. ಅದನ್ನು ಓದಿದರೆ ಹೆಮ್ಮೆಯಾಗುತ್ತದೆ. ಆದರೆ ಮೊದಲ ಚಾಕುವಿಗೆ ಬೆಸೆದ ಪಟ್ಟಿ ಬೇಡ. ಒಳಗೆ ಯಾವ ಉಕ್ಕಿದೆ ಅಂತ ಮಾರುವವರು ಹೇಳದಿದ್ದರೆ ಹದ ಯಾವ ಲೆಕ್ಕದಲ್ಲಿ ಹಾಕುವುದು?

ಹದ: ನೀರೋ ಎಣ್ಣೆಯೋ, ಮನೆಯಲ್ಲೋ ಹೊರಗೋ

ನನ್ನ ಎರಡನೇ ಚಾಕು ನೀರಿನಲ್ಲಿ ಹೋಯಿತು. ಕಮ್ಮಾರರು ನೀರಿಗೆ ಅದ್ದುವುದನ್ನು ನೋಡಿದ್ದೆ. ಎರಡು ಮಿಲಿಮೀಟರಿನ ಅಲಗನ್ನು ಪೂರ್ತಿ ಬಕೆಟ್ಟಿಗೆ ಇಳಿಸಿದೆ. ‘ಟಿಣ್’ ಅಂತ ಸಣ್ಣ ಸದ್ದು ಬಂತು. ಒರೆಸಿ ನೋಡಿದರೆ ಬಾಯಿಯಿಂದ ಬೆನ್ನಿನವರೆಗೆ ಕೂದಲೆಳೆಯ ಬಿರುಕು. ಹದಿನೈದು ದಿನದ ಕೆಲಸ. ಅವರು ಅದ್ದುತ್ತಿದ್ದದ್ದು ದಪ್ಪ ಕತ್ತಿಯ ಬಾಯಿಯನ್ನು ಮಾತ್ರ, ನಾನು ಮುಳುಗಿಸಿದ್ದು ತೆಳು ಅಲಗನ್ನು ಪೂರ್ತಿಯಾಗಿ. ಆ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ತೆಳು ಚಾಕುವಿಗೆ ಎಣ್ಣೆಯೇ ಸರಿ. ಸೂರ್ಯಕಾಂತಿ ಎಣ್ಣೆ ಅಥವಾ ಕಡಲೆಕಾಯಿ ಎಣ್ಣೆ, ಅಲಗು ನಿಂತು ಮುಳುಗುವಷ್ಟು ಆಳದ ಕಬ್ಬಿಣದ ಡಬ್ಬಿಯಲ್ಲಿ. ಎಣ್ಣೆಯನ್ನು 50 ಡಿಗ್ರಿಯಷ್ಟು ಬೆಚ್ಚಗೆ ಮಾಡಿಕೊಳ್ಳಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಹರಿದು ಬೇಗ ತಣಿಸುತ್ತದೆ. ಗಾಡಿಯ ಹಳೆಯ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಕೆಟ್ಟದ್ದು. ಡಬ್ಬಿಗೆ ಸರಿಹೊಂದುವ ಕಬ್ಬಿಣದ ಮುಚ್ಚಳ ಕೈಗೆ ಸಿಗುವಂತಿರಲಿ. ಎಣ್ಣೆ ಹೊತ್ತಿಕೊಂಡರೆ ಮುಚ್ಚಿ ಆರಿಸಬೇಕು, ನೀರು ಹಾಕಲೇಬಾರದು.

ಅರದಲ್ಲಿ ಉಜ್ಜಿದ ಅಲಗನ್ನೂ ಕಾಯಿಸುವುದು ಮೇಲೆ ಹೇಳಿದ ಇದ್ದಿಲಿನ ಕುಲುಮೆಯಲ್ಲೇ. ಮುಸ್ಸಂಜೆ ಹೊತ್ತು ನೋಡಿ ಕೆಲಸಕ್ಕೆ ಇಳಿಯಿರಿ. ಬಿಸಿಲಿನಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕಾದ ಅಲಗನ್ನು ಆಗಾಗ ಅಯಸ್ಕಾಂತಕ್ಕೆ ತಾಗಿಸಿ. ಸುಮಾರು 770 ಡಿಗ್ರಿಗೆ ಅದು ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಕೆಂಪು ಏರಬೇಕು, 1084ಕ್ಕೆ ಸುಮಾರು 815 ಡಿಗ್ರಿ. ಇಡೀ ಅಲಗು ಒಂದೇ ಬಣ್ಣಕ್ಕೆ ಬಂದ ಮೇಲೆ ತಡಮಾಡದೆ ನೇರವಾಗಿ, ಮೊನೆ ಕೆಳಗೆ ಮಾಡಿ ಎಣ್ಣೆಗೆ ಇಳಿಸಿ. ಪಕ್ಕಕ್ಕೆ ಅಲ್ಲಾಡಿಸಬೇಡಿ, ಬಾಗುತ್ತದೆ. ತಣಿದ ಮೇಲೆ ಅರ ಆಡಿಸಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಗೆದ್ದಿರಿ.

ಆಮೇಲೆ ತಡ ಬೇಡ. ಈಗ ಅದು ಕೈಜಾರಿ ಬಿದ್ದರೂ ತುಂಡಾಗುತ್ತದೆ. ಎಣ್ಣೆ ಒರೆಸಿ, ಅಡುಗೆಮನೆಯ ಒ.ಟಿ.ಜಿ. ಒವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಿ. ತಣ್ಣಗಾಗಲಿ. ಇನ್ನೊಮ್ಮೆ ಎರಡು ಗಂಟೆ. ಉಜ್ಜಿ ಬೆಳ್ಳಗೆ ಮಾಡಿದ ಕಡೆ ತಿಳಿ ಹಳದಿ ಹುಲ್ಲಿನ ಬಣ್ಣ ಬರುತ್ತದೆ. ಒವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ತಟ್ಟೆಯಲ್ಲಿ ಮರಳು ಹಾಕಿ ಅದರಲ್ಲಿ ಅಲಗು ಹೂತರೆ ಬಿಸಿ ಏರಿಳಿಯುವುದಿಲ್ಲ. ಇದಾದ ಮೇಲೆ ಗ್ರೈಂಡರಿನಲ್ಲಿ ಬಾಯಿ ನೀಲಿಯಾಯಿತೋ, ಅಲ್ಲಿ ಹದ ಹೋಯಿತು ಅಂತಲೇ ಅರ್ಥ. ಪ್ರತಿ ಸಲವೂ ನೀರಿಗೆ ಅದ್ದುತ್ತಾ ಉಜ್ಜಿ.

ಬೆಂಕಿಗೆ ಜಾಗವೇ ಇಲ್ಲದಿದ್ದರೆ ಹೊರಗೆ ಕೊಡಿ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವ ಘಟಕಗಳಿವೆ. ಒಂದೇ ಅಲಗನ್ನು ತೆಗೆದುಕೊಳ್ಳಲು ಕೆಲವರು ಒಪ್ಪುವುದಿಲ್ಲ. ನಾಲ್ಕಾರು ಗೆಳೆಯರು ಒಂದೇ ಜಾತಿಯ ಉಕ್ಕಿನಲ್ಲಿ ಮಾಡಿ ಒಟ್ಟಿಗೆ ಕೊಟ್ಟರೆ ಕೆಲಸ ಸುಲಭ. ಉಕ್ಕಿನ ಹೆಸರು, ಬೇಕಾದ ಗಟ್ಟಿತನ ಬರೆದುಕೊಡಿ. ಅಡುಗೆ ಚಾಕುವಿಗೆ ಗಟ್ಟಿತನದ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 60. ಮಚ್ಚಿಗೆ ಅದಕ್ಕಿಂತ ನಾಲ್ಕೈದು ಅಂಕ ಕಮ್ಮಿ ಇರಲಿ. ಗುಜರಿ ಉಕ್ಕನ್ನು ಅಲ್ಲಿಗೆ ಒಯ್ಯಬೇಡಿ. ಹೆಸರು ಗೊತ್ತಿಲ್ಲದ ಉಕ್ಕಿಗೆ ಅವರಾದರೂ ಏನು ಮಾಡಿಯಾರು?

ಹಿಡಿ, ಮತ್ತೆ ಒಂದೆರಡು ಮಾತು

ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಬಂದು, ಎರಡು ಕಡೆ ಮರದ ಚಪ್ಪಟೆ ತುಂಡು ಕೂರಿಸುವುದು ಮೊದಲ ಸಲಕ್ಕೆ ಸುಲಭ. ಉಕ್ಕಿನ ಬಾಲವನ್ನು ಕಾಯಿಸಿ, ಅರಗು ತುಂಬಿದ ಮರದ ತೂತಿಗೆ ಇಳಿಸುವುದು ಹಳೆಯ ಪದ್ಧತಿ. ಹಗುರ, ಚೆಂದ. ಆದರೆ ಬಿಸಿನೀರಿನಲ್ಲಿ ತೊಳೆದರೆ ಅರಗು ಸಡಿಲವಾಗುತ್ತದೆ. ಬಡಗಿಯ ಹತ್ತಿರ ತೇಗ, ಹೊನ್ನೆ, ಬೀಟೆಯ ಚೂರು ಕೇಳಿ, ಕೊಡುತ್ತಾರೆ. ಅಂಟಿಗೆ ಅರಾಲ್ಡೈಟಿನಲ್ಲಿ ನಿಧಾನವಾಗಿ ಒಣಗುವ ಬಗೆಯನ್ನು ತನ್ನಿ, ಒಂದು ದಿನ ಪೂರ್ತಿ ಬಿಡಿ. ಮೇಲೆ ಅಗಸೆ ಎಣ್ಣೆ ತಿಕ್ಕಿ. ಆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ.

ಅಲಗಿನ ಉದ್ದದ ಬಗ್ಗೆಯೂ ತಿಳಿದಿರಲಿ. ಆಯುಧ ಕಾಯ್ದೆ 1959ರ ಕೆಳಗಿನ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧಗಳ ಪಟ್ಟಿಯಲ್ಲಿ ಬರುತ್ತದೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದವು ಅದರಿಂದ ಹೊರಗೆ. ಕೊಡಗಿನ ಒಡಿಕತ್ತಿ ನೋಡಿ ನನಗೂ ಮಾಡುವ ಆಸೆ ಇದೆ. ಆದರೆ ಅಂಥದ್ದಕ್ಕೆ ಕೈ ಹಾಕುವ ಮೊದಲು ನಿಮ್ಮ ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ. ತರಕಾರಿ ಚಾಕುವಿಗೆ ಈ ಚಿಂತೆ ಇಲ್ಲ.

ಸ್ಟೇನ್‌ಲೆಸ್ ಅಲ್ಲದ ಉಕ್ಕು ಮಾವಿನಕಾಯಿ, ನಿಂಬೆಹಣ್ಣು, ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ. ನಮ್ಮ ಅಮ್ಮನಿಗೆ ಹೇಳಬೇಕಾಗಲಿಲ್ಲ. ಅವರ ಈಳಿಗೆಮಣೆಯೂ ಹಾಗೇ ಕಪ್ಪಾದದ್ದು. ಚಾಕುವನ್ನು ಸಿಂಕಿನಲ್ಲಿ ಬಿಡದೆ ತೊಳೆದು ಒರೆಸಿಟ್ಟರು. ಕರಾವಳಿಯವರು ಒರೆಸಿದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆಯನ್ನೂ ಸವರಿ. ಬಾಯಿ ಮೊಂಡಾದರೆ 1000 ನಂಬರಿನ ಸಾಣೆಕಲ್ಲಿನ ಮೇಲೆ ಹತ್ತು ನಿಮಿಷದ ಕೆಲಸ.